ತೋಳಿನ ಪಟ್ಟಿಗೆ ತಿಳಿಯದ ಒತ್ತಡ

‘ಬಿ.ಪಿ. ನಾರ್ಮಲ್ ಇದೆ, ಯೋಚನೆ ಬೇಡ’ ಎಂದು ವೈದ್ಯರು ಹೇಳಿದರೆ ನೀವು ನೆಮ್ಮದಿಯಿಂದ ಮನೆಗೆ ಮರಳುತ್ತೀರಿ. ಆದರೆ ತೋಳಿಗೆ ಸುತ್ತುವ ಪಟ್ಟಿ ತಿಳಿಸುವುದು ದೇಹದ ಅಪಧಮನಿಗಳ ಒತ್ತಡವನ್ನು ಮಾತ್ರ. ಶ್ವಾಸಕೋಶಗಳಲ್ಲಿ ಹರಿಯುವ ರಕ್ತಕ್ಕೆ ಬೇರೆಯದೇ ಒತ್ತಡವಿದೆ.

ಹೃದಯದ ಎಡಭಾಗ ರಕ್ತವನ್ನು ನೆತ್ತಿಯಿಂದ ಕಾಲ್ಬೆರಳವರೆಗೂ ತಳ್ಳಬೇಕು. ಬಲಭಾಗದ್ದು ಪಕ್ಕದ ಮನೆಗೆ ನೀರು ಹಾಯಿಸುವ ಕೆಲಸ. ಶ್ವಾಸಕೋಶ ಅಲ್ಲೇ ಮಗ್ಗುಲಲ್ಲಿದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಎರಡೂ ಕಡೆ ಹರಿಯುತ್ತದೆ. ಆದರೂ ತೋಳಿನಲ್ಲಿ 120/80 ಇರುವವರಿಗೆ ಶ್ವಾಸಕೋಶದ ಅಪಧಮನಿಯಲ್ಲಿ ಸುಮಾರು 25/10 ಅಷ್ಟೇ. ಸರಾಸರಿ 14ರ ಆಸುಪಾಸು. ಈ ಸರಾಸರಿ 20 ಮಿ.ಮೀ. ಪಾದರಸವನ್ನು ದಾಟಿದರೆ ಹೆಚ್ಚೆಂದು ಲೆಕ್ಕ. ಹಿಂದೆ ಈ ಗೆರೆ 25ರಲ್ಲಿತ್ತು. 2018ರಲ್ಲಿ ತಜ್ಞರು ಅದನ್ನು ಕೆಳಗಿಳಿಸಿದರು.

ಇಲ್ಲಿನ ರಕ್ತನಾಳಗಳು ತೆಳು, ಹಿಗ್ಗುವ ಗುಣದವು. ಮೆಟ್ಟಿಲು ಹತ್ತುವಾಗ ರಕ್ತ ಹೆಚ್ಚಿದರೂ ಮುಚ್ಚಿದ್ದ ಕಿರುನಾಳಗಳು ತೆರೆದು ಜಾಗ ಕೊಡುತ್ತವೆ. ಅವು ಗಡುಸಾದರೆ, ಕಿರಿದಾದರೆ, ತೆಳು ಗೋಡೆಯ ಬಲ ಹೃತ್ಕುಕ್ಷಿ ಎಷ್ಟು ದಿನ ತಾಳೀತು?

ನನ್ನ ತಕರಾರು ಇಲ್ಲಿದೆ. ನಮ್ಮ ಮನೆಗಳಲ್ಲಿ ಹೆಂಗಸರ ಏದುಸಿರಿಗೆ ‘ನಿಶ್ಶಕ್ತಿ’, ‘ವಯಸ್ಸಾಯಿತು’, ‘ದಪ್ಪಗಾಗಿದ್ದಾಳೆ’ ಎಂಬ ಸಿದ್ಧ ಉತ್ತರಗಳಿವೆ. ಬಿ.ಪಿ. ಸರಿಯಿದೆ ಎಂಬ ಚೀಟಿ ಸಿಕ್ಕರಂತೂ ಮಾತು ಮುಗಿಯಿತು, ಟಾನಿಕ್ ಬಾಟಲಿ ಬಂತು! ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕಿರಿದಾದ ಮೈಟ್ರಲ್ ಕವಾಟ, ಹುಟ್ಟಿನಿಂದ ಇದ್ದೂ ಗೊತ್ತಾಗದ ಹೃದಯದ ರಂಧ್ರ, ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದು ಕೆಟ್ಟ ಶ್ವಾಸಕೋಶ, ಇವೆಲ್ಲ ಆ ಒಳ ಒತ್ತಡವನ್ನು ಏರಿಸಬಲ್ಲವು. ಅದು ತಿಳಿಯದೆ ಗರ್ಭಿಣಿಯಾದರೆ ಪ್ರಾಣಕ್ಕೇ ಕುತ್ತಾಗಬಹುದು.

ಮೊದಲು ಸರಾಗವಾಗಿ ಹತ್ತುತ್ತಿದ್ದ ಮೆಟ್ಟಿಲಲ್ಲಿ ಈಗ ನಡುವೆ ನಿಲ್ಲಬೇಕಾಗಿದೆಯೇ? ಶ್ರಮಪಟ್ಟಾಗ ಕಣ್ಣು ಕತ್ತಲಿಡುವುದೇ? ಸಂಜೆಗೆ ಪಾದ ಊದುವುದೇ? ವೈದ್ಯರ ಮುಂದೆ ಇದನ್ನು ಬಿಡಿಸಿ ಹೇಳಿ. ಎಕೊ ಪರೀಕ್ಷೆ ಬೇಕೇ ಎಂದು ಸಂಕೋಚವಿಲ್ಲದೆ ಕೇಳಿ. ಅದರಲ್ಲಿ ನೋವಿಲ್ಲ, ಚುಚ್ಚುವುದೂ ಇಲ್ಲ.

ಆದರೆ ವರದಿ ಕೈಗೆ ಬಂದೊಡನೆ ನೀವೇ ಲೆಕ್ಕ ಹಾಕಿ ನಿದ್ದೆಗೆಡಬೇಡಿ. ಎಕೊ ಕೊಡುವುದು ಅಂದಾಜು. ಅದರಲ್ಲಿ ಬರೆದಿರುವುದು ಸಾಮಾನ್ಯವಾಗಿ ಹೃದಯ ಸಂಕುಚಿಸುವಾಗಿನ ಒತ್ತಡ. ನಾನು ಹೇಳಿದ 20 ಎಂಬುದು ಸರಾಸರಿ. ಎರಡನ್ನೂ ಹೋಲಿಸುವಂತಿಲ್ಲ. ಸಂಶಯ ಉಳಿದರೆ ಹೃದ್ರೋಗ ತಜ್ಞರು ರಕ್ತನಾಳದ ಮೂಲಕ ಸಪೂರ ಕೊಳವೆಯನ್ನು ಹೃದಯದ ಬಲಭಾಗಕ್ಕೂ, ಅಲ್ಲಿಂದ ಶ್ವಾಸಕೋಶದ ಅಪಧಮನಿಗೂ ತೂರಿಸಿ ನಿಖರವಾಗಿ ಅಳೆಯುತ್ತಾರೆ. ಅದು ಎಲ್ಲರಿಗೂ ಬೇಕಾಗುವುದಿಲ್ಲ.