ಉರಿಗಾಂ ಹುಡುಗರ ಆಟವನ್ನೂ ತೋರಿಸಿ

ಕೋಲಾರ ಜಿಲ್ಲೆಯ ಕೆ.ಜಿ.ಎಫ್‌ನ ಚಿನ್ನದ ಗಣಿಗಳು 2001ರ ಫೆಬ್ರುವರಿಯಲ್ಲಿ ಮುಚ್ಚಿದವು. ಬ್ರಿಟಿಷರ ಕಾಲದಿಂದ ಇಲ್ಲಿ ಬೇರೂರಿದ ಫುಟ್‌ಬಾಲ್, ಹಾಕಿಯ ಪ್ರೀತಿ ಮಾತ್ರ ಉಳಿದಿದೆ. ಆದರೆ ಇಲ್ಲಿನ ಉರಿಗಾಂ, ಪಕ್ಕದ ಬಂಗಾರಪೇಟೆಯ ಕಾಲೇಜು ಮಕ್ಕಳು ಅಂತರ ಕಾಲೇಜು ಪಂದ್ಯ ಆಡಿದರೆ ನೋಡುವವರು ಗೆರೆಯಾಚೆ ನಿಂತ ಗೆಳೆಯರಷ್ಟೇ. ಇಂಥ ಆಟಕ್ಕೂ ನೋಡುಗರನ್ನು ತರುವ ದಾರಿಯಿದೆ. ಅಮೆರಿಕದಲ್ಲಿ ಬಿಗ್ ಟೆನ್ ಎಂಬ ವಿಶ್ವವಿದ್ಯಾಲಯಗಳ ಕೂಟ 2007ರಲ್ಲಿ ತನ್ನದೇ ಟಿ.ವಿ. ವಾಹಿನಿ ತೆರೆಯಿತು. ಅದರ ಆದಾಯ ಕೂಟದ ಕಾಲೇಜುಗಳಿಗೆ ಹಂಚಿಕೆಯಾಯಿತು; ದೊಡ್ಡ ವಾಹಿನಿಗಳು ಅಪರೂಪಕ್ಕೆ ತೋರಿಸುತ್ತಿದ್ದ ಹೆಣ್ಣುಮಕ್ಕಳ ವಾಲಿಬಾಲ್, ಕುಸ್ತಿ, ಈಜು ಮನೆಮನೆಗೆ ತಲುಪಿದವು. ನನಗೆ ಹಣಕ್ಕಿಂತ ಈ ಎರಡನೆಯದೇ ದೊಡ್ಡದು. ಅಲ್ಲಿನ ಪ್ಯಾಕ್-12 ಎಂಬ ಇನ್ನೊಂದು ಕೂಟವೂ 2012ರಲ್ಲಿ ವಾಹಿನಿ ಆರಂಭಿಸಿತು, ಆದರೆ ಪ್ರಮುಖ ಉಪಗ್ರಹ ಸೇವೆಯೊಂದರಲ್ಲಿ ಜಾಗ ಸಿಗದೆ ಸೊರಗಿತು; 2024ರಲ್ಲಿ ನಿಂತುಹೋಯಿತು. ಎಲ್ಲರಿಗೂ ತಲುಪದ ವಾಹಿನಿ ಬಾಳುವುದಿಲ್ಲ. ನಮಗಂತೂ ಉಪಗ್ರಹದ ಗೊಡವೆ ಬೇಡ. ಕೋಲಾರ, ಚಿಕ್ಕಬಳ್ಳಾಪುರದ ಸಾಮಾನ್ಯ ಪದವಿ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಅಡಿಯಲ್ಲೇ ಇವೆ. ಕೂಟ ಸಿದ್ಧವಾಗಿಯೇ ಇದೆ. ಎರಡು ಕ್ಯಾಮೆರಾ, ಒಂದು ಯೂಟ್ಯೂಬ್ ವಾಹಿನಿ, ಕನ್ನಡ ತಮಿಳು ಎರಡರಲ್ಲೂ ವೀಕ್ಷಕ ವಿವರಣೆ ಕೊಡಬಲ್ಲ ಪತ್ರಿಕೋದ್ಯಮ ವಿದ್ಯಾರ್ಥಿಗಳು ಸಾಕು. ತೋರಿಸಿದರೆ ಫಲವಿದೆ: ಪ್ರೊ ಕಬಡ್ಡಿ 2014ರಲ್ಲಿ ಟಿ.ವಿ.ಗೆ ಬಂದ ಮೇಲೆ ಹಳ್ಳಿಯ ಆಟಗಾರರಿಗೆ ಹೆಸರು, ಸಂಬಳ ಎರಡೂ ಬಂದವು. ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗದವರೇ, ಮುಂದಿನ ಅಂತರ ಕಾಲೇಜು ಫುಟ್‌ಬಾಲ್ ಪಂದ್ಯವನ್ನು ದಯವಿಟ್ಟು ನೇರ ಪ್ರಸಾರ ಮಾಡಿ.