ಊಹಿಸಿದರೆ ಮೋಸವೇ?

ಸುಡೊಕು ಪ್ರಿಯರಲ್ಲೊಂದು ಮಡಿವಂತಿಕೆ ಇದೆ: ಖಾಲಿ ಮನೆಯಲ್ಲಿ 5 ಎಂದುಕೊಂಡು ಮುಂದುವರಿದು, ಎಡವಟ್ಟಾದರೆ ಅಳಿಸುವುದು ಬರೀ ಊಹೆ, ಆದ್ದರಿಂದ ಮೋಸ. ನಾನಿದನ್ನು ಒಪ್ಪುವುದಿಲ್ಲ.

81 ಮನೆಗಳಲ್ಲಿ 17ಕ್ಕಿಂತ ಕಡಿಮೆ ಅಂಕಿ ಕೊಟ್ಟು ಒಂದೇ ಉತ್ತರ ಬರುವಂತೆ ಮಾಡಲಾಗದು ಎಂದು ಡಬ್ಲಿನ್‌ನ ಗ್ಯಾರಿ ಮೆಕ್‌ಗೈರ್ ತಂಡ 2012ರಲ್ಲಿ ಕಂಪ್ಯೂಟರಿನ ನೆರವಿನಿಂದ ಸಾಧಿಸಿತು. ಆದರೂ 17 ಅಂಕಿಯ ಎಷ್ಟೋ ಚೌಕಗಳು ಸಲೀಸು. ಅದೇ ವರ್ಷ ಅತಿ ಕಠಿಣವೆಂದು ಹೆಸರಾದ, ಫಿನ್ಲೆಂಡಿನ ಆರ್ಟೊ ಇಂಕಾಲಾ ಅವರ ಚೌಕದಲ್ಲಿ 21 ಅಂಕಿಗಳಿದ್ದವು. ಕಷ್ಟ ಇರುವುದು ಸುಳಿವಿನ ಲೆಕ್ಕದಲ್ಲಲ್ಲ, ತರ್ಕದ ಉದ್ದದಲ್ಲಿ. ಅಲ್ಲಿ ‘ಹೀಗಿದ್ದರೆ ಏನಾಗುತ್ತದೆ?’ ಎಂದು ಕೇಳದೆ ಗತಿಯಿಲ್ಲ.

ಮುಂಡಗೋಡದ ಟಿಬೆಟನ್ ಕ್ಯಾಂಪಿನ ಡ್ರೆಪುಂಗ್, ಗಾಂಡೆನ್ ಮಠಗಳಲ್ಲಿ ಭಿಕ್ಷುಗಳು ಚಪ್ಪಾಳೆ ತಟ್ಟಿ ವಾದಿಸುತ್ತಾರೆ. ಎದುರಾಳಿಯ ಮಾತನ್ನೇ ಹಿಡಿದು, ಅದರಿಂದಲೇ ವಿರೋಧ ಹೊರಡಿಸುತ್ತಾರೆ. ಸಂಸ್ಕೃತದಲ್ಲಿ ಇದು ‘ಪ್ರಸಂಗ’. 2ರ ವರ್ಗಮೂಲ ಅಭಾಗಲಬ್ಧವೆಂದು ಹತ್ತನೆಯ ತರಗತಿಯಲ್ಲಿ ತೋರಿಸುವುದೂ ಹೀಗೆಯೇ. ಅಲ್ಲಿ ಸಾಧನೆ ಎನಿಸಿದ್ದು ಚೌಕದಲ್ಲಿ ಮೋಸವಾಗುವುದು ಯಾವ ನ್ಯಾಯ?

5 ಹಾಕಿದ್ದು ಕೂಡಿಬಂತೆಂದು ನಿಲ್ಲಿಸಿದರೆ ಅದು ಅದೃಷ್ಟ. ಉಳಿದ ಅಂಕಿ ಯಾಕಾಗದು ಎಂದು ತೋರಿಸಿದರೆ ತರ್ಕ.

ಹಳಿಯಾಳ, ಜೋಯಿಡಾದ ವಿದ್ಯಾರ್ಥಿಗಳೇ, ಪಕ್ಕದ ದಾಂಡೇಲಿಯಲ್ಲಿ ಕಾಗದಕ್ಕೇನು ಬರವಿಲ್ಲ. ತಪ್ಪು ದಾರಿಯನ್ನೂ ಕೊನೆತನಕ ಬರೆದು ನೋಡಿ. ತಪ್ಪಾದೀತೆಂದು ಹೆದರಿ ಖಾಲಿ ಬಿಟ್ಟ ಮನೆ ಏನನ್ನೂ ಕಲಿಸುವುದಿಲ್ಲ.