ವರದಿಯಲ್ಲಿ ಪ್ರತಿಕಾಯದ ಹೆಸರೂ ಇರಲಿ

ಸ್ತನ ಕ್ಯಾನ್ಸರ್ ಗಡ್ಡೆಯ ಚೂರು ಲ್ಯಾಬಿಗೆ ಹೋದಾಗ ಅಲ್ಲಿ ಕೇಳುವ ಮುಖ್ಯ ಪ್ರಶ್ನೆಗಳಲ್ಲೊಂದು, ಆ ಜೀವಕೋಶಗಳ ಮೇಲೆ ಹರ್-2 ಎಂಬ ಪ್ರೋಟೀನು ಮಿತಿಮೀರಿದೆಯೇ ಎಂಬುದು. ಮಿತಿಮೀರಿದ್ದರೆ ಟ್ರಾಸ್ಟುಜುಮ್ಯಾಬ್ ಔಷಧ ಬದುಕು ಉಳಿಸಬಲ್ಲದು. ಇಲ್ಲದಿದ್ದರೆ ಖರ್ಚು ದಂಡ, ಜೊತೆಗೆ ಹೃದಯಕ್ಕೆ ಅಪಾಯ. ಬೆಂಗಳೂರಿನ ಬಯೋಕಾನ್ ಈ ಔಷಧದ ಬಯೋಸಿಮಿಲರನ್ನು, ಅಂದರೆ ಮೂಲ ಔಷಧವನ್ನು ಹೋಲುವ ರೂಪವನ್ನು, 2014ರಲ್ಲಿ ದೇಶದ ಮಾರುಕಟ್ಟೆಗೆ ತಂದಾಗಿನಿಂದ ಅದರ ಬೆಲೆಯ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಅದನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಪರೀಕ್ಷೆಯ ಬಗ್ಗೆ ಮಾತ್ರ ಮಾತೇ ಇಲ್ಲ. ‘ಪಾಸಿಟಿವ್’, ‘ನೆಗೆಟಿವ್’ ಎಂಬ ಒಂದು ಪದ ಸಾಲದು. ಯಾವ ಪ್ರತಿಕಾಯ ಬಳಸಿದರು, ಫಲಿತಾಂಶ ಮೊದಲೇ ಗೊತ್ತಿರುವ ‘ಕಂಟ್ರೋಲ್’ ಮಾದರಿ ಸರಿಯಾಗಿ ಬಂತೇ, ಅಂಗಾಂಶ ಕೆಡದಂತೆ ಅದನ್ನು ಎಷ್ಟು ಹೊತ್ತು ಫಾರ್ಮಲಿನ್‌ನಲ್ಲಿ ಇಟ್ಟಿದ್ದರು ಎಂಬ ವಿವರ ಪ್ರತಿ ವರದಿಯಲ್ಲೂ ಕಡ್ಡಾಯವಾಗಿ ಇರಬೇಕು.

ಪರೀಕ್ಷೆಯ ಜೀವಾಳ ಪ್ರತಿಕಾಯ, ಅಂದರೆ ಆ್ಯಂಟಿಬಾಡಿ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ಮೊನೊಕ್ಲೋನಲ್ ವಿಧಾನವನ್ನು ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಕೇಂಬ್ರಿಜ್‌ನಲ್ಲಿ ಇಲಿಯ ಜೀವಕೋಶಗಳಿಂದ ಸಾಧಿಸಿದರು. ಆದರೆ ಮನುಷ್ಯನ ಎಷ್ಟೋ ಪ್ರೋಟೀನುಗಳು ಇಲಿಯ ಪ್ರೋಟೀನುಗಳನ್ನು ಹೋಲುತ್ತವೆ. ಅವನ್ನು ತನ್ನವೇ ಎಂದುಕೊಂಡು ಇಲಿಯ ದೇಹ ಸುಮ್ಮನಿರುವುದುಂಟು. ಇಲಿ ಗಮನಿಸದ ಭಾಗಗಳನ್ನೂ ಮೊಲದ ದೇಹ ಹಲವು ಸಲ ಗುರುತಿಸುತ್ತದೆ, ಅದರ ಪ್ರತಿಕಾಯಗಳು ಬಿಗಿಯಾಗಿಯೂ ಅಂಟಿಕೊಳ್ಳುತ್ತವೆ. 1995ರಲ್ಲಿ ಶಿಕಾಗೊದಲ್ಲಿ ಕ್ಯಾಥರೀನ್ ನೈಟ್ ಅವರ ತಂಡ ಮೊಲದಲ್ಲೂ ಈ ವಿಧಾನ ಸಾಧ್ಯವೆಂದು ತೋರಿಸಿತು. ಹರ್-2 ಪರೀಕ್ಷೆಗೆ ಹೆಚ್ಚು ಬಳಕೆಯಾಗುವ ‘4ಬಿ5’ ಎಂಬ ಪ್ರತಿಕಾಯ ಮೊಲದ್ದೇ. ಮೇಣದಲ್ಲಿ ಹುದುಗಿಸಿದ ಅಂಗಾಂಶದಿಂದ ಕೂದಲಿಗಿಂತ ತೆಳುವಾದ ಪದರ ಕತ್ತರಿಸಿ, ಪ್ರತಿಕಾಯ ಹಾಕಿ ಬಣ್ಣ ಬರಿಸಿದಾಗ, ಪ್ರೋಟೀನು ಇರುವ ಕಡೆ ಜೀವಕೋಶದ ಅಂಚಿಗೆ ಕಂದು ಬಳೆ ಮೂಡುತ್ತದೆ. ಶೇಕಡ ಹತ್ತಕ್ಕಿಂತ ಹೆಚ್ಚು ಕೋಶಗಳಲ್ಲಿ ಗಾಢವಾದ, ಎಲ್ಲೂ ಕಡಿಯದ ಬಳೆ ಕಂಡರೆ, 0ಯಿಂದ 3+ವರೆಗಿನ ಅಂಕಗಳಲ್ಲಿ ಅದು 3+. ಸಂದಿಗ್ಧವಾಗಿದ್ದರೆ 2+, ಆಗ ಜೀನ್ ಪರೀಕ್ಷೆಯೂ ಬೇಕು.

ಇಷ್ಟು ಒಳ್ಳೆಯ ಪ್ರತಿಕಾಯವಿರುವಾಗ ಚಿಂತೆ ಏಕೆ ಎಂದು ಕೇಳಬಹುದು. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಆದದ್ದನ್ನು ನೋಡಿ. ಅಲ್ಲಿ 1997ರಿಂದ 2005ರವರೆಗೆ ಈಸ್ಟ್ರೊಜೆನ್ ರಿಸೆಪ್ಟರ್ ಎಂಬ ಇನ್ನೊಂದು ಪ್ರೋಟೀನಿನ ಪರೀಕ್ಷೆ ತಪ್ಪುತ್ತಲೇ ಹೋಯಿತು. ಮಾದರಿಗಳನ್ನು ಮರುಪರೀಕ್ಷೆ ಮಾಡಿಸಿದಾಗ ಮುನ್ನೂರಕ್ಕೂ ಹೆಚ್ಚು ರೋಗಿಗಳ ಫಲಿತಾಂಶ ತಪ್ಪೆಂದು ಗೊತ್ತಾಯಿತು. ಸಿಗಬೇಕಿದ್ದ ಹಾರ್ಮೋನ್ ಚಿಕಿತ್ಸೆ ಅವರಲ್ಲಿ ಅನೇಕರಿಗೆ ಸಿಕ್ಕಿರಲಿಲ್ಲ, ಎಷ್ಟೋ ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು. ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರನ್ ಆಯೋಗ 2009ರಲ್ಲಿ ಕೊಟ್ಟ ವರದಿ ಬೊಟ್ಟು ಮಾಡಿದ್ದು ಅಂಗಾಂಶ ಕೆಡದಂತೆ ಇಡುವ ಕ್ರಮ, ಕಂಟ್ರೋಲ್, ಗುಣಮಟ್ಟದ ತಪಾಸಣೆ ಇಂಥ ದಿನನಿತ್ಯದ ಕೆಲಸಗಳತ್ತ. ಹರ್-2 ಮಾರ್ಗಸೂಚಿಯ ಪ್ರಕಾರ ತೆಗೆದ ಅಂಗಾಂಶ ಒಂದು ಗಂಟೆಯೊಳಗೆ ಫಾರ್ಮಲಿನ್ ಸೇರಬೇಕು, ಅಲ್ಲಿ 6ರಿಂದ 72 ಗಂಟೆ ಇರಬೇಕು. ಶನಿವಾರ ಸಂಜೆ ತೆಗೆದ ಗಡ್ಡೆ ಸೋಮವಾರದವರೆಗೆ ಹಾಗೇ ಉಳಿದರೆ ಯಾವ ಮೊಲದ ಪ್ರತಿಕಾಯವೂ ಅದನ್ನು ಸರಿಪಡಿಸಲಾರದು.

ಪ್ರತಿಕಾಯವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಈಸ್ಟ್ರೊಜೆನ್ ರಿಸೆಪ್ಟರ್ ಬೀಟಾವನ್ನು ಹಿಡಿಯುತ್ತವೆ ಎನ್ನಲಾದ 13 ಪ್ರತಿಕಾಯಗಳನ್ನು 2017ರ ಅಧ್ಯಯನವೊಂದು ಒರೆಗೆ ಹಚ್ಚಿದಾಗ, ಆ ಪ್ರೋಟೀನನ್ನಷ್ಟೇ ಹಿಡಿದದ್ದು ಒಂದೇ ಒಂದು. ಉಳಿದವನ್ನು ನಂಬಿ ವರ್ಷಗಟ್ಟಲೆ ಸಂಶೋಧನೆ ನಡೆದಿತ್ತು. 2023ರಲ್ಲಿ 65 ಮಾನವ ಪ್ರೋಟೀನುಗಳ 614 ಪ್ರತಿಕಾಯಗಳನ್ನು ಪರೀಕ್ಷಿಸಿದ ಇನ್ನೊಂದು ತಂಡಕ್ಕೆ, ಜೀನ್ ಅನುಕ್ರಮದಿಂದಲೇ ತಯಾರಿಸುವ ರಿಕಾಂಬಿನೆಂಟ್ ಪ್ರತಿಕಾಯಗಳು ಒಟ್ಟಾರೆ ಮೇಲೆಂದು ಕಂಡುಬಂತು. ಇವು ಸಂಶೋಧನೆಯ ಪ್ರತಿಕಾಯಗಳು, ಆಸ್ಪತ್ರೆಯಲ್ಲಿ ಬಳಸುವವಕ್ಕೆ ತಪಾಸಣೆ ಬಿಗಿಯಾಗಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಿದ್ದರೆ ತಪಾಸಣೆಯಲ್ಲಿ ಗೆದ್ದ ಪ್ರತಿಕಾಯವನ್ನೇ ಬಳಸಿದ್ದೇವೆ ಎಂದು ಬರೆದುಕೊಡಲು ಅಡ್ಡಿ ಏನು?

ಇಂಥ ವಿವರ ರೋಗಿಗೆ ಅರ್ಥವಾಗದು, ಗೊಂದಲವೇ ಹೆಚ್ಚೀತು ಎನ್ನುವ ವೈದ್ಯರಿದ್ದಾರೆ. ಆದರೆ ಸ್ಲೈಡು, ಮೇಣದ ಬ್ಲಾಕುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ಕಲಬುರಗಿಯಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿಗೆ ಬರುವ ಕುಟುಂಬದ ಕೈಯಲ್ಲಿರುವ ವರದಿಯನ್ನು ಓದುವವರು ಇನ್ನೊಬ್ಬ ಪೆಥಾಲಜಿಸ್ಟ್. ಮೊದಲ ಫಲಿತಾಂಶವನ್ನು ಎಷ್ಟು ನಂಬಬೇಕೆಂದು ಅವರು ತೂಗಿ ನೋಡಬೇಕಾದರೆ ಈ ವಿವರ ಬೇಕೇಬೇಕು. ಹರ್-2 ಕಡಿಮೆ ಇರುವವರಿಗೂ 2022ರಿಂದ ಹೊಸ ಔಷಧ ಬಂದಿರುವುದರಿಂದ 0 ಮತ್ತು 1+ ನಡುವಿನ ಗೆರೆಗೂ ಈಗ ಬೆಲೆ ಬಂದಿದೆ. ಒಂದೇ ಸ್ಲೈಡ್ ನೋಡಿ ನುರಿತ ಪೆಥಾಲಜಿಸ್ಟರಲ್ಲೇ ಒಮ್ಮತ ಮೂಡದ ಗೆರೆ ಅದು.

ಖರ್ಚಿನ ಮಾತಿಗೂ ಉತ್ತರವಿದೆ. ವರದಿಯಲ್ಲಿ ಎರಡು ಸಾಲು ಸೇರಿಸಲು ದುಡ್ಡು ಬೇಡ. ಹೊರಗಿನ ಗುಣಮಟ್ಟ ಪರೀಕ್ಷೆಗೆ ಒಳಪಡುವುದಕ್ಕೆ ಹಣ ಬೇಕು ನಿಜ, ತಿಂಗಳಿಗೆ ಬೆರಳೆಣಿಕೆಯ ಮಾದರಿ ನೋಡುವ ಸಣ್ಣ ಲ್ಯಾಬಿಗೆ ಅದು ಹೊರೆ. ಅಂಥ ಲ್ಯಾಬುಗಳು ಬ್ಲಾಕನ್ನು ದೊಡ್ಡ ಕೇಂದ್ರಕ್ಕೆ ಕಳಿಸುವುದೇ ಮೇಲು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಕ್ಯಾನ್ಸರ್ ಚಿಕಿತ್ಸೆಗೆ ಹಣ ಕೊಡುವ ಸರ್ಕಾರ ಈ ಷರತ್ತನ್ನು ನಾಳೆಯೇ ಹಾಕಬಹುದು. ಗಡ್ಡೆ ತೆಗೆದದ್ದು ಎಷ್ಟು ಗಂಟೆಗೆ, ಫಾರ್ಮಲಿನ್‌ಗೆ ಹಾಕಿದ್ದು ಎಷ್ಟು ಗಂಟೆಗೆ, ಬಳಸಿದ ಪ್ರತಿಕಾಯ ಯಾವುದು ಎಂಬ ಮೂರು ಖಾನೆ ಭರ್ತಿಯಾಗದ ಕ್ಲೇಮ್ ಅರ್ಜಿಯನ್ನು ಆಸ್ಪತ್ರೆಗೆ ವಾಪಸು ಕಳಿಸಿದರೆ ಸಾಕು.